ಮೂರು ವರ್ಷದ ಮಗಳು, ಮಂಡಿ ನೋವಿನ ಅತ್ತೆ, ಟೋಕಿಯೊದ ಮೊದಲ ವಸಂತ: ನಿಮ್ಮ ಅನುಭವ ಹೇಳಿ

ಎಲ್ಲರಿಗೂ ನಮಸ್ಕಾರ. ಊರು ದಾವಣಗೆರೆ. ಯಜಮಾನರ ಕೆಲಸದ ನಿಮಿತ್ತ ಹೋದ ಸೆಪ್ಟೆಂಬರ್‌ನಲ್ಲಿ ಟೋಕಿಯೊದ ನಿಶಿಕಸಾಯಿಗೆ ಬಂದ್ವಿ. ಮಗಳಿಗೆ ಮೂರು ತುಂಬಿದೆ. ಮಾರ್ಚ್ ಮಧ್ಯದಲ್ಲಿ ಅತ್ತೆ ಮೂರು ತಿಂಗಳ ಮಟ್ಟಿಗೆ ಬರ್ತಿದ್ದಾರೆ. ಅವರಿಗೆ ಮಂಡಿ ನೋವು, ಬಿಪಿ ಇದೆ. ಶುದ್ಧ ಸಸ್ಯಾಹಾರ, ಮೊಟ್ಟೆ ಹಾಕಿದ ಕೇಕನ್ನೂ ಮುಟ್ಟಲ್ಲ. ಯಜಮಾನರು ಮನೆಗೆ ಬರೋದು ರಾತ್ರಿ ಒಂಬತ್ತಕ್ಕೆ, ಹಾಗಾಗಿ ಹಗಲೆಲ್ಲ ನಾವು ಮೂವರೇ. ಚಳಿಗಾಲವಿಡೀ ಪುಟ್ಟ ಮನೆಯೊಳಗೆ ಕೂತು ನನಗೂ ಮಗಳಿಗೂ ಸಾಕಾಗಿದೆ. ದಿನಾ ಹೊರಗೆ ನಡೆದಾಡೋ ಅಭ್ಯಾಸ ಮಾಡ್ಕೋಬೇಕು ಅಂತಿದ್ದೀನಿ. ಸಕುರಾ (ಚೆರ್ರಿ ಹೂ) ನೋಡೋಕೆ ಎಲ್ಲಿಗೆ ಹೋಗಬೇಕು, ಊಟಕ್ಕೆ ಏನು ಮಾಡ್ಕೋಬೇಕು, ವಯಸ್ಸಾದವರನ್ನ ಕರೆಸಿಕೊಂಡವರು ಏನೇನು ನೋಡ್ಕೊಂಡ್ರಿ, ದಯವಿಟ್ಟು ತಿಳಿಸಿ.

ನಿಶಿಕಸಾಯಿಯಿಂದ, ಇಬ್ಬರು ಮಕ್ಕಳ ತಾಯಿ

ಅತ್ತೆಯವರು ಬಂದ ವಾರವೇ ಉಎನೊ ಪಾರ್ಕಿಗೆ ಓಡಬೇಡಿ. ಆ ಜನಜಂಗುಳಿಯಲ್ಲಿ ಮಗುವಿನ ಗಾಡಿ ತಳ್ಳಿಕೊಂಡು, ಮಂಡಿ ನೋವಿನವರ ಕೈ ಹಿಡಿದುಕೊಂಡು ಹೋದರೆ ಹೂ ನೋಡುವುದಕ್ಕಿಂತ ಕೂರಲು ಜಾಗ ಹುಡುಕುವುದೇ ಕೆಲಸವಾಗುತ್ತೆ. ನಿಮ್ಮ ಮನೆಯಿಂದ ನಡೆದೇ ಹೋಗುವಷ್ಟು ದೂರದಲ್ಲಿ ಶಿನ್‌ಕಾವಾ ಕಾಲುವೆ ಇದೆ, ಫುನಾಬೊರಿ ದಿಕ್ಕಿಗೆ. ಎದೋ ಕಾಲದಲ್ಲಿ (17ರಿಂದ 19ನೇ ಶತಮಾನ) ಗ್ಯೋಟೊಕು ಕಡೆಯಿಂದ ನಗರಕ್ಕೆ ಉಪ್ಪು ಸಾಗಿಸುತ್ತಿದ್ದ ದೋಣಿಗಳ ದಾರಿ ಅದು. ಈಗ ಸುಮಾರು 3 ಕಿಲೋಮೀಟರ್ ಉದ್ದಕ್ಕೂ ಎರಡೂ ದಡದಲ್ಲಿ ಸಕುರಾ ಮರಗಳಿವೆ. ದಾರಿ ಸಪಾಟು, ಅಲ್ಲಲ್ಲಿ ಬೆಂಚು, ಮಧ್ಯೆ ಮಧ್ಯೆ ದಾಟೋಕೆ ಸೇತುವೆ. ಸುಸ್ತಾದರೆ ಯಾವ ಸೇತುವೆಯಿಂದ ಬೇಕಾದರೂ ಆಚೆ ದಡಕ್ಕೆ ಹೋಗಿ ವಾಪಸಾಗಬಹುದು, ಪೂರ್ತಿ ನಡೆಯಲೇಬೇಕು ಅಂತ ಏನಿಲ್ಲ.

ದಿನಾ ಅದೇ ದಾರಿಯಲ್ಲಿ ಹೋಗೋದರಲ್ಲಿ ಇನ್ನೊಂದು ಲಾಭ ಇದೆ. ಹೂವಿನ ತಾರೀಖು ಲೆಕ್ಕ ಹಾಕೋ ತಲೆನೋವು ತಪ್ಪುತ್ತೆ. ಟೋಕಿಯೊದಲ್ಲಿ ಯಾಸುಕುನಿ ದೇವಾಲಯದ ಆವರಣದ ಒಂದು ಗೊತ್ತಾದ ಮರದಲ್ಲಿ ಐದಾರು ಹೂ ಬಿಟ್ಟರೆ ಹವಾಮಾನ ಇಲಾಖೆ ಸಕುರಾ ಶುರುವಾಯ್ತು ಅಂತ ಪ್ರಕಟಿಸುತ್ತೆ. ಸಾಮಾನ್ಯವಾಗಿ ಅದು ಮಾರ್ಚ್ ಕೊನೆಗೆ. ಅಲ್ಲಿಂದ ಒಂದು ವಾರದಲ್ಲಿ ಪೂರ್ತಿ ಅರಳುತ್ತೆ, ಆಮೇಲೆ ಒಂದು ಜೋರು ಗಾಳಿ-ಮಳೆ ಬಂದರೆ ಮುಗೀತು. ನನ್ನ ಕೇಳಿದರೆ ಮುಗಿಯೋ ದಿನಗಳೇ ಚೆಂದ. ಕಾಲುವೆಯ ನೀರು ಕಾಣದ ಹಾಗೆ ಎಸಳು ಮುಚ್ಚಿರುತ್ತೆ, ಬಾತುಕೋಳಿ ಈಜಿದ ಕಡೆ ಮಾತ್ರ ಕಪ್ಪಗೆ ಒಂದು ಗೆರೆ ಬಿದ್ದು ಮತ್ತೆ ಕೂಡಿಕೊಳ್ಳುತ್ತೆ. ನನ್ನ ಚಿಕ್ಕ ಮಗ ಹೂವಿನ ಕಡೆ ತಿರುಗಿಯೂ ನೋಡದೆ ಈ ಗೆರೆ ಎಣಿಸ್ತಾ ಕೂತಿರ್ತಿದ್ದ.

ಬೆಳಗ್ಗೆ ಒಂಬತ್ತೂವರೆ, ಹತ್ತರ ಹೊತ್ತಿಗೆ ಹೊರಡಿ. ಆಗ ಹೊಯ್ಕುಎನ್ (ಕೆಲಸಕ್ಕೆ ಹೋಗೋರ ಮಕ್ಕಳ ಡೇಕೇರ್) ಮಕ್ಕಳೂ ಹೊರಗೆ ಬಂದಿರ್ತಾರೆ. ಇನ್ನೂ ಸರಿಯಾಗಿ ನಡೆಯಲು ಬಾರದ ಐದಾರು ಕೂಸುಗಳನ್ನು ಕಟಕಟೆ ಇರುವ ತಳ್ಳುಗಾಡಿಯೊಳಗೆ ನಿಲ್ಲಿಸಿ, ಎಲ್ಲರಿಗೂ ಒಂದೇ ಬಣ್ಣದ ಟೋಪಿ ಹಾಕಿ ಟೀಚರ್‌ಗಳು ತಳ್ಳಿಕೊಂಡು ಬರ್ತಾರೆ. ನಮ್ಮಮ್ಮ ಬಂದಿದ್ದಾಗ ಆ ಗಾಡಿ ನಿಲ್ಲಿಸಿ, ಒಂದೊಂದು ಕೂಸನ್ನೂ "ಏನೋ ಪುಟ್ಟ, ಎಲ್ಲಿಗೆ ಸವಾರಿ?" ಅಂತ ಕನ್ನಡದಲ್ಲೇ ಮಾತಾಡಿಸ್ತಿದ್ರು. ಟೀಚರ್ ನಗ್ತಾ ತಲೆಬಾಗಿಸೋರು, ಅಮ್ಮನೂ ಬಾಗಿಸೋರು, ಯಾರು ಮೊದಲು ನಿಲ್ಲಿಸಬೇಕು ಅಂತ ಇಬ್ಬರಿಗೂ ಗೊತ್ತಾಗ್ತಿರಲಿಲ್ಲ.

ಹತ್ತಿರದಲ್ಲೇ ಗ್ಯೋಸೆನ್ ಪಾರ್ಕ್ ಇದೆ. ಅದರೊಳಗಿನ ಪುಟ್ಟ ಮೃಗಾಲಯಕ್ಕೆ ಟಿಕೆಟ್ ಇಲ್ಲ. ಕೊಳ ಇರುವ ಜಪಾನಿ ತೋಟವೂ ಇದೆ, ಅತ್ತೆಯವರು ಅಲ್ಲಿ ಆರಾಮಾಗಿ ಕೂರಬಹುದು. ಸೋಮವಾರ ಮೃಗಾಲಯ ರಜೆ, ಅವತ್ತು ಮಗಳಿಗೆ ಆಸೆ ಹುಟ್ಟಿಸಬೇಡಿ.

ಊಟಕ್ಕೆ ಪುಳಿಯೋಗರೆ, ಚಪಾತಿ-ಪಲ್ಯ ಅತ್ಯುತ್ತಮ. ಮೊಸರನ್ನ ಬೇಡ, ಆ ಚಳಿಗೆ ಗಂಟಲು ಹಿಡಿಯುತ್ತೆ. ಹೂ ಬಿಟ್ಟಿದೆ ಅಂದ ಮಾತ್ರಕ್ಕೆ ಬೆಚ್ಚಗಿರುತ್ತೆ ಅಂತ ಅಂದುಕೊಳ್ಳಬೇಡಿ, ನೆಲದ ಥಂಡಿ ಕೂರೋಕೆ ಹಾಸಿದ ಶೀಟ್ ದಾಟಿ ಮೇಲೆ ಬರುತ್ತೆ. ಅತ್ತೆಯವರಿಗೆ ಒಂದು ಮಡಚುವ ಸ್ಟೂಲ್, ಬೆಚ್ಚಗಿಡೋ ಹೀಟ್‌ಟೆಕ್ ಒಳ ಅಂಗಿ, ಫ್ಲಾಸ್ಕ್‌ನಲ್ಲಿ ಬಿಸಿ ಕಾಫಿ ಇದ್ದರೆ ಒಂದು ಗಂಟೆ ಕೂರ್ತಾರೆ. ಶೀಟ್ ಮೇಲೆ ಚಪ್ಪಲಿ ಬಿಟ್ಟೇ ಹತ್ತಬೇಕು, ಅದು ನಮಗೆ ಹೇಳಿಕೊಡಬೇಕಾಗಿಲ್ಲ ಬಿಡಿ. ಕಸದ ಡಬ್ಬಿ ಎಲ್ಲೂ ಸಿಗಲ್ಲ, ಒಂದು ಕವರ್ ಇಟ್ಟುಕೊಂಡು ಮನೆಗೇ ತನ್ನಿ.

ಕವಾಸಾಕಿಯಿಂದ

ಮೇಲಿನ ಅಕ್ಕ ಹೇಳಿದ್ದು ಒಪ್ಪಿದೆ, ಆದ್ರೆ ಒಂದು ತಕರಾರು. ಅತ್ತೆ ಅಷ್ಟು ದೂರದಿಂದ ಬಂದು ಬರೀ ಕಾಲುವೆ ದಂಡೆ ನೋಡಿ ಹೋದರೆ ಊರಲ್ಲಿ ನಾಲ್ಕು ಜನಕ್ಕೆ ಏನಂತ ಫೋಟೊ ತೋರಿಸ್ತಾರೆ? ಒಂದು ದಿನ ಶಿಂಜುಕು ಗ್ಯೋಎನ್ ಅನ್ನೋ ದೊಡ್ಡ ಉದ್ಯಾನಕ್ಕೆ ಕರ್ಕೊಂಡು ಹೋಗಿ. ಒಳಗೆ ಮದ್ಯ ನಿಷೇಧ, ಹಾಗಾಗಿ ಗಲಾಟೆ ಇರಲ್ಲ. ದೊಡ್ಡವರಿಗೆ 500 ಯೆನ್, 65 ದಾಟಿದವರಿಗೆ 250, ಮಕ್ಕಳಿಗೆ ಉಚಿತ. ವಯಸ್ಸಿನ ಪುರಾವೆಗೆ ಪಾಸ್‌ಪೋರ್ಟ್ ಇರಲಿ. ಸೋಮವಾರದ ರಜೆ ಮಾರ್ಚ್ 25ರಿಂದ ಏಪ್ರಿಲ್ 24ರವರೆಗೆ ಇರಲ್ಲ. ಸೀಸನ್‌ನ ಶನಿವಾರ-ಭಾನುವಾರಗಳಿಗೆ ಮುಂಚಿತವಾಗಿ ಬುಕಿಂಗ್ ಕೇಳ್ತಾರೆ, ಮೊದಲೇ ನೋಡ್ಕೊಳ್ಳಿ. ಬೇರೆ ಬೇರೆ ತಳಿಯ ಮರಗಳಿರೋದರಿಂದ ಊರಲ್ಲೆಲ್ಲ ಹೂ ಉದುರಿದ ಮೇಲೂ ಅಲ್ಲಿ ದಪ್ಪ ಎಸಳಿನ ಗುಲಾಬಿ ಸಕುರಾ ಇರುತ್ತೆ. ಟೋಜಾಯ್ ಮೆಟ್ರೋ ಲೈನಲ್ಲಿ ಓಟೆಮಾಚಿಗೆ ಹೋಗಿ ಮರುನೊಉಚಿ ಲೈನ್ ಹಿಡಿದರೆ ಶಿಂಜುಕು-ಗ್ಯೋಎನ್‌ಮಾಎ ನಿಲ್ದಾಣ. ಬೆಳಗ್ಗೆ ಒಂಬತ್ತೂವರೆಗೆ ಮುಂಚೆ ಟೋಜಾಯ್ ಹತ್ತಬೇಡಿ, ಆ ನೂಕುನುಗ್ಗಲು ಮಕ್ಕಳ ಗಾಡಿ ಇರೋರಿಗಲ್ಲ.

ಸೈತಾಮಾದಿಂದ, ಮೂಗು ಒರೆಸಿಕೊಳ್ಳುತ್ತಾ

ಹೂವಿನ ಬಗ್ಗೆ ಎಲ್ಲರೂ ಹೇಳಿದ್ರಿ, ಪರಾಗದ ಅಲರ್ಜಿ ಸುದ್ದಿ ಯಾರೂ ಎತ್ತಲಿಲ್ಲ! ಎರಡನೇ ಮಹಾಯುದ್ಧದ ನಂತರ ಗುಡ್ಡಗಳ ತುಂಬ ಸುಗಿ (ಜಪಾನಿ ಸೀಡರ್), ಹಿನೋಕಿ (ಜಪಾನಿ ಸೈಪ್ರೆಸ್) ಮರ ನೆಟ್ಟರು, ಅದರ ಫಲ ಈಗ ಎಲ್ಲರೂ ಉಣ್ತಿದ್ದೀವಿ. ಸುಗಿ ಫೆಬ್ರವರಿಯಲ್ಲಿ ಶುರು, ಅದು ಇಳಿಯೋ ಹೊತ್ತಿಗೆ ಹಿನೋಕಿ ಏರುತ್ತೆ. ಸಕುರಾ ಎರಡರ ನಡುವೆ ಸಿಕ್ಕಿಹಾಕಿಕೊಂಡಿದೆ. ಬಂದ ಮೊದಲ ವರ್ಷ ಸಾಮಾನ್ಯವಾಗಿ ಏನೂ ಆಗಲ್ಲ, ಹಾಗಾಗಿ ಅತ್ತೆಯವರಿಗೆ ಬಹುಶಃ ತೊಂದರೆ ಇಲ್ಲ. ನಿಮಗೂ ಈ ವರ್ಷ ಆಗದಿರಬಹುದು. ನನಗೆ ಕೆಲವು ವರ್ಷ ಸುಮ್ಮನಿದ್ದು ಆಮೇಲೆ ಹಿಡೀತು.

ಮಳೆ ನಿಂತು ಮರುದಿನ ಬಿಸಿಲು ಬಂದು ಗಾಳಿ ಬೀಸಿದರೆ ಅದೇ ಅತಿ ಕೆಟ್ಟ ದಿನ. ಮಧ್ಯಾಹ್ನ ಮತ್ತು ಸೂರ್ಯ ಮುಳುಗಿದ ಹೊತ್ತು ಹೆಚ್ಚು, ಬೆಳಗ್ಗೆ ವಾಸಿ. ಅಂಥ ದಿನ ಬಟ್ಟೆ ಬಾಲ್ಕನಿಯಲ್ಲಿ ಒಣಗಿಸಬೇಡಿ. ಉಣ್ಣೆ ಕೋಟಿಗಿಂತ ನುಣುಪು ಜಾಕೆಟ್ ಒಳ್ಳೇದು, ಬಾಗಿಲಾಚೆ ನಿಂತು ಕೊಡವಿ ಒಳಗೆ ಬನ್ನಿ. ಮಗಳು ಕಣ್ಣು ಉಜ್ಜೋಕೆ ಶುರು ಮಾಡಿದರೆ ತಡ ಮಾಡದೆ ಕಿವಿ-ಮೂಗು ಡಾಕ್ಟರ ಹತ್ತಿರ ಹೋಗಿ. ಟೋಕಿಯೊದ 23 ವಾರ್ಡುಗಳಲ್ಲಿ ಮಕ್ಕಳ ಚಿಕಿತ್ಸೆಗೆ ದುಡ್ಡು ತಗೊಳ್ಳಲ್ಲ, ವಾರ್ಡ್ ಆಫೀಸ್ ಕೊಟ್ಟ ಮಕ್ಕಳ ಚಿಕಿತ್ಸೆಯ ಕಾರ್ಡ್ ಮಾತ್ರ ಪರ್ಸಲ್ಲಿರಲಿ.

ಯೊಕೊಹಾಮಾದಿಂದ

ವಾಕಿಂಗ್ ಆಮೇಲೆ, ಮೊದಲು ಮಾತ್ರೆ. ಡಾಕ್ಟರ್ ಚೀಟಿಯ ಮಾತ್ರೆ ಒಂದು ತಿಂಗಳಿನಷ್ಟು ಮಾತ್ರ ಹಾಗೇ ತರಬಹುದು. ಮೂರು ತಿಂಗಳ ಬಿಪಿ ಮಾತ್ರೆ ತರ್ತಾರೆ ಅಂದ್ರೆ 'ಯುನ್ಯು ಕಕುನಿನ್‌ಶೊ' ಅನ್ನೋ ಆಮದು ದೃಢೀಕರಣ ಪತ್ರ ಬೇಕು. ಆನ್‌ಲೈನ್‌ನಲ್ಲೇ ಅರ್ಜಿ, ಶುಲ್ಕ ಇಲ್ಲ. ಆದರೆ ಪತ್ರ ಅವರು ವಿಮಾನ ಹತ್ತೋ ಮುಂಚೆ ಕೈಗೆ ಬಂದಿರಬೇಕು, ಈ ವಾರವೇ ಹಾಕಿ. ಮಾತ್ರೆಯ ಹೆಸರು, ಪ್ರಮಾಣ ಎಲ್ಲ ಬರೆದ ಡಾಕ್ಟರ್ ಚೀಟಿ ಊರಿಂದ ಫೋಟೊ ತರಿಸಿಕೊಳ್ಳಿ. ನೆಗಡಿ ಮಾತ್ರೆ ಚೀಲಕ್ಕೆ ತುರುಕುವಾಗ ಸೂಡೋಎಫೆಡ್ರಿನ್ ಇದೆಯಾ ನೋಡಿ. ಅದು ಶೇಕಡ 10ಕ್ಕಿಂತ ಹೆಚ್ಚಿದ್ದರೆ ಇಲ್ಲಿ ನಿಷಿದ್ಧ.

ತಾತ್ಕಾಲಿಕ ವೀಸಾದಲ್ಲಿ ಬರೋರಿಗೆ ಇಲ್ಲಿನ ಸರ್ಕಾರಿ ಆರೋಗ್ಯ ವಿಮೆ ಸಿಗಲ್ಲ. ಬಿಪಿ ಇದೆ ಅಂತ ಮುಚ್ಚಿಡದೆ ಬರೆಸಿ ಪ್ರಯಾಣ ವಿಮೆ ಮಾಡಿಸಿ. ಕರಿಬೇವು, ಮಾವಿನಕಾಯಿ, ಹಸಿ ಸೊಪ್ಪು ತರೋ ಆಸೆ ಬಿಡಲಿ. ಸಸ್ಯ ತಪಾಸಣೆಯ ಪ್ರಮಾಣಪತ್ರ ಇಲ್ಲದಿದ್ದರೆ ವಿಮಾನ ನಿಲ್ದಾಣದಲ್ಲೇ ತೆಗೆದಿಡ್ತಾರೆ. ಸಾರಿನಪುಡಿ, ಚಟ್ನಿಪುಡಿಗೆ ಏನೂ ತೊಂದರೆಯಾಗಿಲ್ಲ ನಮಗೆ.

ಹೊರಗಿನ ತಿಂಡಿಯಲ್ಲಿ ದಾಶಿ ನೋಡ್ಕೊಳ್ಳಿ. ನೋಡೋಕೆ ಬರೀ ತರಕಾರಿ ಅನ್ನಿಸೋ ಸಾರಿನಲ್ಲೂ, ಇನಾರಿ ಸುಶಿಯ ತೋಫು ಚೀಲದಲ್ಲೂ ಒಣ ಮೀನಿನ ರಸ ಇರುತ್ತೆ. ಸಕುರಾ ಮೋಚಿ, ಮೂರು ಬಣ್ಣದ ದಾಂಗೊ ಅನ್ನೋ ಸಿಹಿತಿಂಡಿಗಳನ್ನ ಅತ್ತೆಯವರಿಗೆ ಕೊಡಿಸಿ, ದಾಂಗೊ ಅಂದ್ರೆ ಅಕ್ಕಿಹಿಟ್ಟು, ಸಕ್ಕರೆ; ಸಕುರಾ ಮೋಚಿ ಅಂದ್ರೆ ಅಕ್ಕಿ ಇಲ್ಲವೇ ಗೋಧಿ ಹಿಟ್ಟು, ಒಳಗೆ ಕೆಂಪು ಅವರೆಯಂಥ ಕಾಳಿನ ಹೂರಣ, ಹೆಚ್ಚಾಗಿ ಇಷ್ಟೇ. ಪೊಟ್ಟಣದ ಹಿಂದಿನ ಪಟ್ಟಿ ಒಮ್ಮೆ ಫೋನಲ್ಲಿ ಅನುವಾದಿಸಿ ಓದಿಬಿಡಿ.

ನಿಶಿನೋಮಿಯಾದಿಂದ, ಮೂಲ ಧಾರವಾಡ

ಟೋಕಿಯೊ ಮಂದಿ ಮಾತಾಡಿದ್ದಾತು, ಕನ್ಸಾಯ್ (ಓಸಾಕಾ ಸುತ್ತಲಿನ) ಕಡೀದೂ ಒಂಚೂರು ಕೇಳ್ರಿ. ನಮ್ಮ ಶುಕುಗಾವಾ ಹೊಳಿ ದಂಡಿಗೆ 1,600ಕ್ಕೂ ಹೆಚ್ಚು ಸಕುರಾ ಗಿಡ ಅದಾವ. ಹಾಂಕ್ಯೂ ರೈಲಿನ ಸ್ಟೇಷನ್ ಇಳದ್ರ ಮುಂದನ ಹೊಳಿ. ಪೈನ್ ಗಿಡದ ಕಡು ಹಸರು, ನಡುನಡುವ ಈ ಬಿಳಿ ಹೂವು, ಹಿಂದ ಗುಡ್ಡ. ಓಸಾಕಾ ಕಡೆ ಬಂದ್ರ ನೋಡ್ರಿ.

ಯುಗಾದಿ ಬಗ್ಗೆ ಹೇಳೂದಿತ್ತು. ಇಲ್ಲೆ ಹಬ್ಬ ಹೂವಿನ ಜೋಡೀನ ಬರತೈತಿ. 2025ರಾಗ ಮಾರ್ಚ್ 30ಕ್ಕ ಯುಗಾದಿ, ಟೋಕಿಯೊದಾಗ ಸಕುರಾ ಪೂರ್ತಿ ಅರಳೇದ ಅಂತ ಹೇಳಿದ್ದೂ ಅವತ್ತ. ಆದ್ರ ಬೇವಿನ ಹೂವು ಎಲ್ಲೆ ತರಬೇಕ್ರಿ? ನಮ್ಮ ಅವ್ವ ಬಂದಾಗ ಸೂಪರ್‌ಮಾರ್ಕೆಟ್ಟಿನಾಗ ನಾನೊಹಾನಾ ಕಟ್ಟು ಕೈಯಾಗ ಹಿಡದು, ಮೊಗ್ಗು ಒಂದು ಚಿವುಟಿ ಮೂಸಿ ನೋಡಿ, "ಇದು ಸಾಸಿವಿ ಕುಲದ್ದ ಐತಿ, ಕಹಿ ಇರತೈತಿ ತಗೋ" ಅಂದ್ಲು. ಆ ಮೊಗ್ಗ ಸಣ್ಣಗೆ ಹೆಚ್ಚಿ ಬೆಲ್ಲದಾಗ ಕಲಿಸಿ ಬೇವು-ಬೆಲ್ಲ ಮಾಡಿದ್ವಿ. ಬೇವಿನಷ್ಟು ಕಹಿ ಇಲ್ಲ ಖರೆ, ಆದ್ರ ಹುಡುಗೂರು ಮಾರಿ ಕಿವಿಚೂದಕ್ಕ ಸಾಕು. ಅತ್ತಿಯವರಿಗೆ ಹಬ್ಬದ ಕೆಲಸ ಕೊಡ್ರಿ ತಂಗಿ, ಬರೇ ಕೂಡಿಸಿ ಊಟಕ್ಕ ಹಾಕಬ್ಯಾಡ್ರಿ. ಹೊಸ ಊರಾಗ ಕೈಗೆ ಕೆಲಸ ಇರಲಿಲ್ಲಂದ್ರ ಹದಿನೈದು ದಿನದಾಗ "ನಾ ಊರಿಗೆ ಹೊಂಡತೇನಿ" ಅಂತ ಶುರು ಮಾಡತಾರ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ತುಂಬಾ ಧನ್ಯವಾದ. ಮಾತ್ರೆ ವಿಷಯ ನಿಜಕ್ಕೂ ಗೊತ್ತಿರಲಿಲ್ಲ, ಇವತ್ತೇ ಅರ್ಜಿ ಹಾಕ್ತೀನಿ. ಇನ್ನೊಂದು ಕೇಳಬೇಕಿತ್ತು. ಇಲ್ಲಿ ಶಾಲೆಯ ವರ್ಷ ಶುರುವಾಗೋ ಏಪ್ರಿಲ್‌ಗೆ ಮಗಳು ಎಲ್ಲೂ ಸೇರ್ತಿಲ್ಲ. ಪಾರ್ಕಿನಲ್ಲಿ ಬೇರೆ ತಾಯಂದಿರು ನಕ್ಕು ಸುಮ್ಮನಾಗ್ತಾರೆ. ಮಗಳು ಮರಳಿನ ಗುಂಡಿ ಪಕ್ಕ ನಿಂತು ನೋಡ್ತಾಳೆ ಅಷ್ಟೇ.

ನಿಶಿಕಸಾಯಿಯಿಂದ, ಮೊದಲು ಉತ್ತರಿಸಿದವರೇ

ಯೋಚಿಎನ್‌ಗೆ (ಶಿಶುವಿಹಾರ) ಅರ್ಜಿ ಹಿಂದಿನ ವರ್ಷದ ಅಕ್ಟೋಬರ್-ನವೆಂಬರ್‌ನಲ್ಲೇ ಮುಗಿದಿರುತ್ತೆ, ನೀವು ಬಂದಿದ್ದೇ ಸೆಪ್ಟೆಂಬರ್‌ನಲ್ಲಿ. ಆದರೂ ಹತ್ತಿರದ ಒಂದೆರಡು ಕಡೆ ಹೋಗಿ ಕೇಳಿ, ಏಪ್ರಿಲ್ ವರ್ಗಾವಣೆಗಳ ಸಮಯ, ಜನ ಊರು ಬಿಟ್ಟು ಸೀಟು ಖಾಲಿಯಾಗ್ತಿರುತ್ತೆ. ಹೊಯ್ಕುಎನ್ ಬೇಕಾದರೆ ನೀವೂ ಕೆಲಸಕ್ಕೆ ಹೋಗ್ತಿರಬೇಕು ಅಥವಾ ಅಂಥ ಬೇರೆ ಕಾರಣ ತೋರಿಸಬೇಕು. 2019ರ ಅಕ್ಟೋಬರ್‌ನಿಂದ 3ರಿಂದ 5 ವರ್ಷದ ಮಕ್ಕಳಿಗೆ ಹೊಯ್ಕುಎನ್ ಶುಲ್ಕವಿಲ್ಲ, ಯೋಚಿಎನ್‌ಗೆ ತಿಂಗಳಿಗೆ 25,700 ಯೆನ್‌ವರೆಗೆ ಮಾಫಿ. ಊಟ, ಬಸ್ಸು, ಸಮವಸ್ತ್ರದ ಖರ್ಚು ಬೇರೆ.

ಅಲ್ಲೀವರೆಗೆ ಮಳೆ ಬಂದ ದಿನವೆಲ್ಲ ಜಿದೋಕನ್‌ಗೆ (ಮಕ್ಕಳು ಆಡೋ ಸಾರ್ವಜನಿಕ ಕೇಂದ್ರ) ಹೋಗಿ. ದುಡ್ಡಿಲ್ಲ, ಆಟದ ಸಾಮಾನು ಇದೆ, ಅಲ್ಲಿನ ಸಿಬ್ಬಂದಿಯೇ ಒಬ್ಬರನ್ನೊಬ್ಬರಿಗೆ ಪರಿಚಯ ಮಾಡಿಸ್ತಾರೆ. ಪಾರ್ಕಿಗೆ ಹೋಗುವಾಗ ನೂರು ಯೆನ್ ಅಂಗಡಿಯ ಬಕೆಟ್ಟು, ಸಲಿಕೆ ಎರಡೆರಡು ಒಯ್ಯಿರಿ. ಎಲ್ಲದರ ಮೇಲೂ ಹಿರಾಗಾನ ಅನ್ನೋ ಜಪಾನಿ ಲಿಪಿಯಲ್ಲಿ ಹೆಸರು ಬರೆದಿರಲಿ, ಇಲ್ಲಿ ಚಮಚಕ್ಕೂ ಹೆಸರು ಬೇಕು. ಒಂದು ಸಲಿಕೆ ಪಕ್ಕದ ಮಗುವಿಗೆ ಕೊಟ್ಟು "ದೋಜೊ" (ತಗೊಳ್ಳಿ) ಅಂತ ಹೇಳೋದು ಮಗಳಿಗೆ ಕಲಿಸಿ. ನೀವು ಆ ತಾಯಿಯನ್ನು "ನಾನ್ಸಾಯ್ ದೆಸು ಕಾ" ಅಂತ ಮಗುವಿನ ವಯಸ್ಸು ಕೇಳಿ. ಅವರು ನಾಚಿಕೊಳ್ಳೋದೇ ಹೆಚ್ಚು, ನಿಮ್ಮ ಮೇಲೆ ಬೇಸರ ಏನಲ್ಲ. ಸಂಜೆ ಐದಕ್ಕೆ ವಾರ್ಡಿನ ಧ್ವನಿವರ್ಧಕದಲ್ಲಿ ರಾಗ ಬಂದ ಕೂಡಲೇ ಮಕ್ಕಳೆಲ್ಲ ಜಾಗ ಖಾಲಿ ಮಾಡ್ತಾರೆ, ಹಾಗಾಗಿ ಮೂರೂವರೆಗೆಲ್ಲ ಅಲ್ಲಿರಿ.

ಕೊಟೊ ವಾರ್ಡಿನಿಂದ

ಎಲ್ಲರೂ ಸಕುರಾ ಹಿಂದೆ ಬಿದ್ದಿದ್ದೀರಿ. ಅತ್ತೆ ಜೂನ್‌ವರೆಗೆ ಇರ್ತಾರಲ್ವಾ? ಏಪ್ರಿಲ್ ಕೊನೆಗೆ ಕಮೆಯಿದೊ ತೆಂಜಿನ್ ದೇವಾಲಯದಲ್ಲಿ ಫುಜಿ (ವಿಸ್ಟೀರಿಯ) ಹೂ ಬರುತ್ತೆ, ಚಪ್ಪರದಿಂದ ನೇರಳೆ ಗೊಂಚಲುಗಳು ಕೊಳದ ಮೇಲಕ್ಕೆ ಇಳಿಬಿದ್ದಿರುತ್ತೆ, ಹಿಂದುಗಡೆ ಸ್ಕೈಟ್ರೀ ಗೋಪುರ. ಸಕುರಾಕ್ಕೆ ವಾಸನೆ ಬಹುತೇಕ ಇಲ್ಲ, ಇದಕ್ಕೆ ಇದೆ. ಅಷ್ಟರಲ್ಲಿ ಚಳಿಯೂ ಹೋಗಿರುತ್ತೆ, ಸ್ವೆಟರ್ ಬೇಡ. ಅಲ್ಲಿನ ಕೆಂಪು ಕಮಾನು ಸೇತುವೆ ತುಂಬಾ ಕಡಿದು, ಅತ್ತೆಯವರನ್ನು ಹತ್ತಿಸಬೇಡಿ, ಕೊಳದ ಪಕ್ಕದ ದಾರಿಯಲ್ಲೇ ಗುಡಿಯ ಮುಂದಕ್ಕೆ ಹೋಗಬಹುದು. ಏಪ್ರಿಲ್ 29ರಿಂದ ಮೇ 5ರವರೆಗಿನ ರಜೆಯಲ್ಲಿ ಬೇಡ, ಅದಕ್ಕೆ ಮುಂಚೆ ವಾರದ ನಡುವಿನ ಒಂದು ದಿನ ಬೆಳಗ್ಗೆ ಬೇಗ ಹೋಗಿ.