ದಾನಪತ್ರ ಬರೆದುಕೊಟ್ಟ ದೊಡ್ಡಮ್ಮನಿಗೆ ಉಚಿತ ವಕೀಲರ ನೆರವು: ತುಮಕೂರಿನಲ್ಲಿ ಯಾರನ್ನು ಕಾಣಬೇಕು?

ಪ್ರಶ್ನೆ (ತುಮಕೂರು ನಗರದಿಂದ)

ಮಾನ್ಯರೇ, ಗುಬ್ಬಿ ತಾಲ್ಲೂಕಿನ ಹಳ್ಳಿಯೊಂದರಲ್ಲಿದ್ದ ನನ್ನ ದೊಡ್ಡಮ್ಮನಿಗೆ ಈಗ 72 ವರ್ಷ. ದೊಡ್ಡಪ್ಪ ಬದುಕಿದ್ದಾಗ ದೊಡ್ಡಮ್ಮನ ಹೆಸರಿಗೇ ಕ್ರಯಕ್ಕೆ ತೆಗೆದುಕೊಂಡಿದ್ದ 1 ಎಕರೆ 10 ಗುಂಟೆ ತೆಂಗಿನ ತೋಟವನ್ನೂ ವಾಸದ ಮನೆಯನ್ನೂ ಅವರು 2021ರಲ್ಲಿ ತಮ್ಮ ಒಬ್ಬನೇ ಮಗನಿಗೆ ದಾನಪತ್ರದ ಮೂಲಕ ಬರೆದುಕೊಟ್ಟರು. ಮೊದಲ ಎರಡು ವರ್ಷ ಎಲ್ಲವೂ ಸರಿಯಾಗಿಯೇ ಇತ್ತು. ಆಮೇಲೆ ಅವರನ್ನು ಮನೆಯ ಮುಂದಿನ ಕೋಣೆಯಿಂದ ಹಿಂದಿನ ಕೊಟ್ಟಿಗೆಗೆ ಕಳುಹಿಸಿದರು, ಊಟವೂ ದಿನಕ್ಕೆ ಒಂದು ಹೊತ್ತಿಗೆ ಬಂತು. ಕಳೆದ ತಿಂಗಳು ಅವರು ಒಂದು ಬಟ್ಟೆಯ ಚೀಲ ಹಿಡಿದುಕೊಂಡು, ಹೆಂಗಸರಿಗೆ ಟಿಕೆಟ್ ಇಲ್ಲದ ಬಸ್ಸು ಹತ್ತಿ, ನಮ್ಮ ಮನೆಗೆ ಬಂದುಬಿಟ್ಟರು. ಚೀಲದಲ್ಲಿ ಎರಡು ಸೀರೆ, ಪಡಿತರ ಚೀಟಿ, ಸಂಧ್ಯಾ ಸುರಕ್ಷಾ ಪಿಂಚಣಿಯ ಪಾಸ್‌ಬುಕ್ ಮತ್ತು ನಾಲ್ಕಾಗಿ ಮಡಚಿ ಅಂಚು ಹರಿದುಹೋಗಿರುವ ದಾನಪತ್ರದ ಜೆರಾಕ್ಸ್ ಪ್ರತಿ ಇದ್ದವು. ತಿಂಗಳಿಗೆ ಬರುವ 1,200 ರೂಪಾಯಿ ಪಿಂಚಣಿಯ ಹೊರತು ಅವರಿಗೆ ಬೇರೆ ಆದಾಯವಿಲ್ಲ.

ಇಲ್ಲಿನ ಒಬ್ಬ ವಕೀಲರನ್ನು ಕಂಡೆವು. ಅವರು ಸಿವಿಲ್ ದಾವೆ ಹೂಡಬೇಕಾಗುತ್ತದೆ, ವರ್ಷಗಟ್ಟಲೆ ನಡೆಯುತ್ತದೆ ಎಂದು ಹೇಳಿ, ಮೊದಲ ಕಂತಾಗಿಯೇ 30,000 ರೂಪಾಯಿ ಕೇಳಿದರು. ನಾನು ಖಾಸಗಿ ಕಾರ್ಖಾನೆಯ ನೌಕರ, ಅಷ್ಟು ಹಣ ಹೊಂದಿಸುವ ಶಕ್ತಿ ನನಗಿಲ್ಲ. ಬಡ ಹಿರಿಯರಿಗೆ ಉಚಿತವಾಗಿ ನೆರವಾಗುವ ವಕೀಲರು ಇದ್ದಾರೆಂದು ಕೇಳಿದ್ದೇನೆ. ಅವರನ್ನು ಎಲ್ಲಿ ಕಾಣಬೇಕು, ಏನೇನು ಕಾಗದ ಒಯ್ಯಬೇಕು ಎಂಬುದನ್ನು ತಿಳಿದವರು ದಯವಿಟ್ಟು ತಿಳಿಸಿ. ದೊಡ್ಡಮ್ಮನಿಗೆ ಓದು ಬಾರದು. ಮಗನನ್ನು ಜೈಲಿಗೆ ಕಳುಹಿಸುವ ಮಾತನ್ನಂತೂ ಅವರು ಕೇಳಲೂ ಒಪ್ಪುವುದಿಲ್ಲ.

ಉತ್ತರ 1 (ಕಾನೂನು ಸೇವಾ ಪ್ರಾಧಿಕಾರದ ಪ್ಯಾನಲ್ ವಕೀಲ, ತುಮಕೂರು)

ನಿಮ್ಮ ದೊಡ್ಡಮ್ಮ ಯಾರಿಗೂ ಒಂದು ರೂಪಾಯಿಯನ್ನೂ ಕೊಡಬೇಕಾಗಿಲ್ಲ ಎಂಬುದನ್ನು ಮೊದಲು ಅವರಿಗೆ ಹೇಳಿ, ಅವರ ಮನಸ್ಸು ಹಗುರವಾಗಲಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನ ಪ್ರಕಾರ ಮಹಿಳೆಯರು ಉಚಿತ ಕಾನೂನು ನೆರವಿಗೆ ಅರ್ಹರು, ಅವರಿಗೆ ಆದಾಯದ ಮಿತಿಯೇ ಇಲ್ಲ. ತುಮಕೂರಿನ ನ್ಯಾಯಾಲಯ ಸಂಕೀರ್ಣದಲ್ಲಿರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಚೇರಿಗೆ ಅವರನ್ನು ಕರೆದುಕೊಂಡು ಬಂದು ಒಂದು ಅರ್ಜಿ ಕೊಡಿ. ಗುಬ್ಬಿಯ ನ್ಯಾಯಾಲಯದಲ್ಲಿ ತಾಲ್ಲೂಕು ಸಮಿತಿಯೂ ಇದೆ. ನಡೆದು ಬರಲಾಗದಿದ್ದರೆ 15100 ಸಂಖ್ಯೆಗೆ ಕರೆ ಮಾಡಬಹುದು. ಹೀಗೆ ನೇಮಕವಾದ ವಕೀಲರು ಕಕ್ಷಿದಾರರಿಂದ ಶುಲ್ಕ ಪಡೆಯುವಂತಿಲ್ಲ. ಯಾರಾದರೂ ಕೇಳಿದರೆ ಅದೇ ಕಚೇರಿಗೆ ಲಿಖಿತವಾಗಿ ತಿಳಿಸಿ, ಬೇರೆ ವಕೀಲರನ್ನು ನೇಮಿಸುತ್ತಾರೆ. ಪ್ರಾಧಿಕಾರದ ಹೊರಗೆ ಸ್ವಯಂಪ್ರೇರಣೆಯಿಂದ ನೆರವಾಗುವ ವಕೀಲರನ್ನು ಕೇಂದ್ರ ಸರ್ಕಾರದ ‘ನ್ಯಾಯ ಬಂಧು’ ಯೋಜನೆಯ ಮೂಲಕವೂ ಹುಡುಕಬಹುದು. ಆದರೆ ವಯಸ್ಸಾದವರಿಗೆ, ಎದುರು ಕುಳಿತು ಕಾಗದ ಓದಿ ಹೇಳುವವರೇ ಬೇಕಾಗುತ್ತಾರೆ. ಆದ್ದರಿಂದ ಕಚೇರಿಗೆ ಬರುವುದೇ ಮೇಲು ಎಂದು ನನ್ನ ಅನುಭವ ಹೇಳುತ್ತದೆ.

ಇನ್ನು ಸಿವಿಲ್ ದಾವೆಯ ವಿಚಾರ. ಮೊದಲ ಬಾಗಿಲು ಅದಾಗಬೇಕಾಗಿಲ್ಲ. 2007ರ ತಂದೆ-ತಾಯಿಯರ ಹಾಗೂ ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣ ಕಾಯ್ದೆಯಡಿ ನಮ್ಮ ರಾಜ್ಯದಲ್ಲಿ ಉಪವಿಭಾಗಾಧಿಕಾರಿಗಳೇ ನ್ಯಾಯಮಂಡಳಿಯ ಅಧ್ಯಕ್ಷರು. ಜನ ಅದನ್ನು ‘ಎಸಿ ಕೋರ್ಟು’ ಎನ್ನುತ್ತಾರೆ. ಗುಬ್ಬಿ ತಾಲ್ಲೂಕು ತುಮಕೂರು ಉಪವಿಭಾಗಕ್ಕೆ ಸೇರಿದೆ, ದೊಡ್ಡಮ್ಮ ಈಗ ವಾಸವಿರುವುದೂ ತುಮಕೂರಿನಲ್ಲೇ, ಹಾಗಾಗಿ ಎಲ್ಲಿ ಅರ್ಜಿ ಹಾಕಬೇಕೆಂಬ ಗೊಂದಲವೇ ಇಲ್ಲ. ಅಲ್ಲಿ ಎರಡು ಕೋರಿಕೆಗಳನ್ನು ಇಡಬಹುದು. ಒಂದು, ಜೀವನಾಂಶ. ಈಗಿರುವ ಕಾಯ್ದೆಯಂತೆ ಅದರ ಗರಿಷ್ಠ ಮಿತಿ ತಿಂಗಳಿಗೆ 10,000 ರೂಪಾಯಿ. ನೋಟಿಸು ಜಾರಿಯಾದ ದಿನದಿಂದ 90 ದಿನಗಳೊಳಗೆ ಅರ್ಜಿ ತೀರ್ಮಾನವಾಗಬೇಕು, ವಿಶೇಷ ಕಾರಣವಿದ್ದರೆ ಒಂದು ಬಾರಿ ಮಾತ್ರ 30 ದಿನ ಮುಂದೂಡಬಹುದು. ವಿಚಾರಣೆ ನಡೆಯುತ್ತಿರುವಾಗಲೇ ಮಧ್ಯಂತರ ಜೀವನಾಂಶ ಕೊಡಿಸಲು 5ನೇ ಕಲಮಿನಲ್ಲಿ ಅವಕಾಶವಿದೆ, ಇದನ್ನು ಅರ್ಜಿಯಲ್ಲಿ ಬರೆಯಲು ಬಹಳ ಮಂದಿ ಮರೆಯುತ್ತಾರೆ. ಇನ್ನೊಂದು, 23ನೇ ಕಲಮಿನಡಿ ದಾನಪತ್ರವನ್ನೇ ಅನೂರ್ಜಿತವೆಂದು ಘೋಷಿಸುವಂತೆ ಕೇಳುವುದು. ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಆಸ್ತಿ ಕೊಟ್ಟು, ಪಡೆದವರು ನೋಡಿಕೊಳ್ಳದಿದ್ದರೆ, ಆ ವರ್ಗಾವಣೆ ಮೋಸದಿಂದಲೋ ಬಲವಂತದಿಂದಲೋ ಆದದ್ದೆಂದು ಕಾನೂನು ಭಾವಿಸುತ್ತದೆ. ದಾನಪತ್ರ ರದ್ದತಿಗೆ ಸಿವಿಲ್ ನ್ಯಾಯಾಲಯದಲ್ಲಿ ಕಾರಣ ತಿಳಿದಂದಿನಿಂದ ಮೂರು ವರ್ಷದ ಕಾಲಮಿತಿಯಿದೆ. 23ನೇ ಕಲಮಿನಲ್ಲಿ ಅಂಥ ಮಿತಿಯನ್ನು ಹೇಳಿಲ್ಲವಾದರೂ ತಡಮಾಡಬೇಡಿ.

ಈ ಕಾಯ್ದೆಯ 17ನೇ ಕಲಂ ನ್ಯಾಯಮಂಡಳಿಯ ಮುಂದೆ ವಕೀಲರು ಹಾಜರಾಗುವುದನ್ನು ನಿರ್ಬಂಧಿಸುತ್ತದೆ. ಎಲ್ಲ ನ್ಯಾಯಾಲಯ, ನ್ಯಾಯಮಂಡಳಿಗಳ ಮುಂದೆ ಹಾಜರಾಗುವ ಹಕ್ಕನ್ನು ವಕೀಲರಿಗೆ ಕೊಡುವ ವಕೀಲರ ಕಾಯ್ದೆಯ 30ನೇ ಕಲಂ 2011ರಲ್ಲಿ ಜಾರಿಗೆ ಬಂದ ನಂತರ ಪಂಜಾಬ್-ಹರಿಯಾಣ, ಕೇರಳ ಮತ್ತು ದೆಹಲಿ ಹೈಕೋರ್ಟುಗಳು ಆ ನಿರ್ಬಂಧವನ್ನು ಒಪ್ಪಿಲ್ಲ. ನನ್ನ ಮಟ್ಟಿಗೆ ಇದು ದೊಡ್ಡ ಪ್ರಶ್ನೆಯಲ್ಲ. ಉಚಿತ ವಕೀಲರಿಂದ ಆಗಬೇಕಾದ ಮುಖ್ಯ ಕೆಲಸ ವಾದ ಮಾಡುವುದಲ್ಲ. ದಾನಪತ್ರವನ್ನು ಮೊದಲಿನಿಂದ ಕೊನೆಯವರೆಗೆ ಆ ತಾಯಿಗೆ ಓದಿ ಹೇಳುವುದು, ಅವರು ಹೇಳಿದ್ದನ್ನು ಅವರದೇ ಮಾತಿನಲ್ಲಿ ಅರ್ಜಿಗೆ ಇಳಿಸುವುದು. ನಾನು ಕಂಡಿರುವ ಹತ್ತಾರು ಅರ್ಜಿಗಳು ಸೋತದ್ದು ಕಾನೂನು ಸರಿಯಿಲ್ಲದೆ ಅಲ್ಲ, ಪತ್ರದಲ್ಲಿ ಏನಿದೆಯೆಂದು ಯಾರೂ ಪೂರ್ತಿ ಓದದೆ. ಆದ್ದರಿಂದ ಆ ಹರಿದ ಜೆರಾಕ್ಸನ್ನು ನಂಬಬೇಡಿ. ಗುಬ್ಬಿಯ ಉಪನೋಂದಣಾಧಿಕಾರಿ ಕಚೇರಿಯಿಂದ ದೃಢೀಕೃತ ನಕಲನ್ನೂ ಋಣಭಾರ ಪ್ರಮಾಣಪತ್ರವನ್ನೂ, ನಾಡಕಚೇರಿಯಿಂದ ಈಗಿನ ಪಹಣಿಯನ್ನೂ ತೆಗೆಸಿಕೊಂಡು ಬನ್ನಿ.

ಉತ್ತರ 2 (ಮಧುಗಿರಿಯಿಂದ)

ನಮ್ಮ ತಾಯಿಯ ವಿಷಯದಲ್ಲಿ ಇದೇ ದಾರಿಯಲ್ಲಿ ನಡೆದವನು ನಾನು, ಆದ್ದರಿಂದ ಒಂದು ಮಾತು ಸೇರಿಸುತ್ತೇನೆ. ನಮ್ಮೂರಿಗೆ ಬರುತ್ತಿದ್ದ ಅರೆಕಾನೂನು ಸ್ವಯಂಸೇವಕಿ, ಅಂದರೆ ಪಿಎಲ್‌ವಿ, ಒಬ್ಬರು ಅಮ್ಮನ ಜೊತೆ ಜಗುಲಿಯ ಮೇಲೆ ಕುಳಿತು, ಯಾವ ತಿಂಗಳಿನಿಂದ ಅಡುಗೆ ಬೇರೆಯಾಯಿತು, ಸಕ್ಕರೆ ಕಾಯಿಲೆಯ ಮಾತ್ರೆಗೆ ಯಾರು ದುಡ್ಡು ಕೊಟ್ಟರು, ಯಾವ ಹಬ್ಬಕ್ಕೆ ಕರೆಯಲಿಲ್ಲ ಎಂದು ಒಂದೊಂದಾಗಿ ಕೇಳಿ ಬರೆದುಕೊಂಡರು. ಮುಂದೆ ಎಸಿ ಸಾಹೇಬರು ಕೇಳಿದ್ದೂ ಅವೇ ಪ್ರಶ್ನೆಗಳನ್ನು. ಔಷಧಿ ಅಂಗಡಿಯ ಚೀಟಿಗಳನ್ನು ಎಸೆಯಬೇಡಿ. ನಮ್ಮಲ್ಲಿ ಮೊದಲು ಸಂಧಾನಾಧಿಕಾರಿಯ ಮುಂದೆ ಕೂರಿಸಿದರು, ಅಣ್ಣ ಅಲ್ಲಿಯೇ ತಿಂಗಳಿಗೆ 4,000 ರೂಪಾಯಿ ಅಮ್ಮನ ಖಾತೆಗೇ ಹಾಕಲು ಒಪ್ಪಿಕೊಂಡ. ಜೈಲಿನ ಮಾತು ಬರಲೇ ಇಲ್ಲ. ನಿಮ್ಮ ದೊಡ್ಡಮ್ಮನಿಗೆ ಇದನ್ನು ತಿಳಿಸಿ, ಅವರಿಗೆ ಧೈರ್ಯ ಬರಬಹುದು.

ಉತ್ತರ 3 (ಕಿರಿಯ ವಕೀಲೆ, ಚಿಕ್ಕಬಳ್ಳಾಪುರ)

ಹಿರಿಯರು ಹೇಳಿದ್ದಕ್ಕೆ ನನ್ನ ಪೂರ್ಣ ಸಹಮತವಿದೆ. 23ನೇ ಕಲಮಿನ ಬಗ್ಗೆ ಮಾತ್ರ ಒಂದು ಎಚ್ಚರಿಕೆ ಅಗತ್ಯ. ನಮ್ಮ ಕಡೆಯ ದಾನಪತ್ರಗಳಲ್ಲಿ ಸಾಮಾನ್ಯವಾಗಿ ‘ನೀವು ನನ್ನ ಸ್ವಂತ ಮಗನಾಗಿದ್ದು, ನಿಮ್ಮ ಮೇಲಿನ ಪ್ರೀತಿ ವಿಶ್ವಾಸದಿಂದ ಈ ಷೆಡ್ಯೂಲು ಸ್ವತ್ತನ್ನು ದಾನವಾಗಿ ಕೊಟ್ಟಿರುತ್ತೇನೆ’ ಎಂದಷ್ಟೇ ಬರೆದಿರುತ್ತಾರೆ. ಪತ್ರ ಬರಹಗಾರರ ಬಳಿ ಇರುವ ಮಾದರಿ ಅದೇ ಆಗಿರುವುದರಿಂದ, ಸಹಿ ಹಾಕುವವರ ಮನಸ್ಸಿನಲ್ಲಿದ್ದ ಷರತ್ತು ಕಾಗದಕ್ಕೆ ಬರುವುದೇ ಇಲ್ಲ. 2022ರ ಡಿಸೆಂಬರಿನಲ್ಲಿ ಸುದೇಶ್ ಛಿಕಾರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ನೋಡಿಕೊಳ್ಳಬೇಕೆಂಬ ಷರತ್ತು ಇತ್ತೆಂಬುದನ್ನು ಅರ್ಜಿದಾರರೇ ಹೇಳಿ ಸಾಬೀತುಪಡಿಸಬೇಕೆಂದು ತೀರ್ಪು ಕೊಟ್ಟಿತು. 2025ರ ಜನವರಿ 2ರಂದು ಊರ್ಮಿಳಾ ದೀಕ್ಷಿತ್ ಪ್ರಕರಣದಲ್ಲಿ ಅದೇ ನ್ಯಾಯಾಲಯ, ಇದು ಹಿರಿಯರ ಹಿತಕ್ಕಾಗಿ ಮಾಡಿದ ಕಾಯ್ದೆಯಾದ್ದರಿಂದ ಉದಾರವಾಗಿ ಅರ್ಥೈಸಬೇಕೆಂದು ಹೇಳಿ, ದಾನಪತ್ರವನ್ನು ರದ್ದುಗೊಳಿಸಿ ಆಸ್ತಿಯ ಸ್ವಾಧೀನವನ್ನೂ ತಾಯಿಗೆ ಮರಳಿ ಕೊಡಿಸಿತು. ಆ ಪ್ರಕರಣದಲ್ಲಿ ಮಗ ಬರೆದುಕೊಟ್ಟಿದ್ದ ವಚನಪತ್ರವೊಂದು ಇತ್ತು ಎಂಬುದನ್ನು ಮರೆಯಬಾರದು. ಹಾಗಾಗಿ ದಾನಪತ್ರದಲ್ಲಿ ಷರತ್ತು ಕಾಣದಿದ್ದರೆ, ಆ ದಿನಗಳಲ್ಲಿ ಬರೆದ ಬೇರೆ ಕರಾರು, ಪಂಚಾಯ್ತಿ ಮುಚ್ಚಳಿಕೆ ಏನಾದರೂ ಇದೆಯೇ ಎಂದು ಹುಡುಕಿ. ಏನೂ ಸಿಗದಿದ್ದರೂ ಜೀವನಾಂಶ ಕೇಳುವ ಹಕ್ಕಿಗೆ ಯಾವ ಧಕ್ಕೆಯೂ ಇಲ್ಲ, ಆಸ್ತಿ ಬರೆದುಕೊಡದ ತಾಯಿಗೂ ಆ ಹಕ್ಕು ಇದ್ದೇ ಇದೆ.

ಆಸ್ತಿಯನ್ನು ಮಗ ಬೇರೆಯವರಿಗೆ ಮಾರುವ ಸುಳಿವು ಇದ್ದರೆ ಅದನ್ನೂ ಪ್ಯಾನಲ್ ವಕೀಲರಿಗೆ ಮೊದಲ ದಿನವೇ ಹೇಳಿಬಿಡಿ.

ಉತ್ತರ 4 (ಶಿರಾದಿಂದ)

ನಮ್ಮ ತಂದೆಗೆ 68 ವರ್ಷ, ಕೂಲಿ ಮಾಡುತ್ತಿದ್ದವರು. ಗಂಡಸರಾದರೆ ಆದಾಯ ಪ್ರಮಾಣಪತ್ರ ತರಲೇಬೇಕೇ? ಅದಕ್ಕಾಗಿಯೇ ಎರಡು ತಿಂಗಳಿನಿಂದ ಅಲೆಯುತ್ತಿದ್ದೇವೆ.

ಉತ್ತರ 5 (ಉತ್ತರ 1ರ ವಕೀಲರು)

ಅಲೆಯುವ ಅಗತ್ಯವಿಲ್ಲ. ಅದೇ 1987ರ ಕಾಯ್ದೆಯ 13ನೇ ಕಲಮಿನ ಪ್ರಕಾರ ಆದಾಯದ ಬಗ್ಗೆ ಅರ್ಜಿದಾರರು ಸಲ್ಲಿಸುವ ಪ್ರಮಾಣಪೂರ್ವಕ ಹೇಳಿಕೆಯನ್ನೇ, ಅಂದರೆ ಅಫಿಡವಿಟ್ಟನ್ನೇ, ಸಾಕೆಂದು ಪರಿಗಣಿಸಬಹುದು, ನಂಬದಿರಲು ಪ್ರಾಧಿಕಾರಕ್ಕೆ ಕಾರಣವಿದ್ದರೆ ಮಾತ್ರ ಬೇರೆ ದಾಖಲೆ ಕೇಳುತ್ತಾರೆ. ನಿಮ್ಮ ತಂದೆಯವರು ಪರಿಶಿಷ್ಟ ಜಾತಿ ಅಥವಾ ಪಂಗಡದವರಾಗಿದ್ದರೆ ಆದಾಯದ ಪ್ರಶ್ನೆಯೇ ಬರುವುದಿಲ್ಲ. ಶಿರಾ ತಾಲ್ಲೂಕು ಮಧುಗಿರಿ ಉಪವಿಭಾಗಕ್ಕೆ ಸೇರುವುದರಿಂದ ಜೀವನಾಂಶದ ಅರ್ಜಿಯನ್ನು ಮಧುಗಿರಿಯಲ್ಲಿ ಸಲ್ಲಿಸಬೇಕು, ವಕೀಲರ ನೆರವನ್ನು ಮಾತ್ರ ಶಿರಾ ನ್ಯಾಯಾಲಯದ ತಾಲ್ಲೂಕು ಸಮಿತಿಯಲ್ಲೇ ಕೇಳಿ.

ಪ್ರಶ್ನೆ ಕೇಳಿದವರಿಂದ, ಹನ್ನೊಂದು ದಿನಗಳ ನಂತರ

ಎಲ್ಲರಿಗೂ ಕೃತಜ್ಞತೆಗಳು. ಗುಬ್ಬಿಯಿಂದ ದೃಢೀಕೃತ ನಕಲು ಬಂತು. ನಮ್ಮಲ್ಲಿದ್ದ ಜೆರಾಕ್ಸಿನಲ್ಲಿ ನಾಲ್ಕು ಹಾಳೆ, ನಕಲಿನಲ್ಲಿ ಐದು. ಕಾಣೆಯಾಗಿದ್ದ ಮೂರನೆಯ ಹಾಳೆಯಲ್ಲಿ ‘ನನ್ನ ಜೀವಿತಾವಧಿಯವರೆಗೂ ನನ್ನ ಅನ್ನ, ಬಟ್ಟೆ, ಔಷಧೋಪಚಾರಗಳನ್ನು ನೀವೇ ನೋಡಿಕೊಳ್ಳತಕ್ಕದ್ದು’ ಎಂಬ ಸಾಲು ಇದೆ, ಅದರ ಕೆಳಗೆ ದೊಡ್ಡಮ್ಮನ ಎಡಗೈ ಹೆಬ್ಬೆಟ್ಟಿನ ಗುರುತು ಇದೆ. ಅದನ್ನು ಅವರಿಗೆ ಎರಡು ಸಲ ಓದಿ ಹೇಳಿದೆ. ‘ಅವತ್ತು ಇದನ್ನ ಯಾರೂ ಓದಿ ಹೇಳಲಿಲ್ಲ ಕಣಪ್ಪ, ಆದರೆ ನಾನು ಬಾಯಲ್ಲಿ ಹೇಳಿದ್ದೆ, ಬರೆದವರು ಬರೆದಿದ್ದಾರೆ’ ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, ತೋಟ ಮಗನ ಹೆಸರಿನಲ್ಲೇ ಇರಲಿ, ನನಗೆ ಮುಂದಿನ ಕೋಣೆ, ಎರಡು ಹೊತ್ತಿನ ಊಟ ಮತ್ತು ಮಾತ್ರೆ ಸಿಕ್ಕರೆ ಸಾಕು ಎಂದೂ ಹೇಳಿದರು. ಹೀಗೆ ಅವರ ಮನಸ್ಸು ಇರುವಾಗ 23ನೇ ಕಲಮಿನ ಕೋರಿಕೆಯನ್ನು ಅರ್ಜಿಯಲ್ಲಿ ಸೇರಿಸಬೇಕೋ ಬೇಡವೋ ತಿಳಿಯುತ್ತಿಲ್ಲ.

ಉತ್ತರ 6 (ಉತ್ತರ 1ರ ವಕೀಲರು)

ಆ ತೀರ್ಮಾನ ಅವರದು, ನಿಮ್ಮದೂ ಅಲ್ಲ, ನನ್ನದೂ ಅಲ್ಲ. ಜೀವನಾಂಶ, ಮಧ್ಯಂತರ ಜೀವನಾಂಶ ಮತ್ತು ಮುಂದಿನ ಕೋಣೆಯಲ್ಲಿ ವಾಸಕ್ಕೆ ಅಡ್ಡಿಪಡಿಸಬಾರದೆಂಬ ಕೋರಿಕೆಗಳನ್ನು ಮೊದಲು ಬರೆಯೋಣ. 23ನೇ ಕಲಮಿನ ಕೋರಿಕೆಯನ್ನು ಈಗಲೇ ಸೇರಿಸಿದರೆ ಏನಾಗುತ್ತದೆ, ಬಿಟ್ಟರೆ ಏನಾಗುತ್ತದೆ ಎಂಬುದನ್ನು ಅವರ ಎದುರಿಗೇ ಬಿಡಿಸಿ ಹೇಳುತ್ತೇನೆ, ನೀವು ಅವರ ಪರವಾಗಿ ಉತ್ತರಿಸದೆ ಸ್ವಲ್ಪ ದೂರ ಕುಳಿತಿದ್ದರೆ ಒಳ್ಳೆಯದು. ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ಪ್ರಾಧಿಕಾರದ ಕಚೇರಿಗೆ ಬನ್ನಿ. ದೃಢೀಕೃತ ನಕಲು, ಪಹಣಿ, ಆಧಾರ್ ಮತ್ತು ಪಿಂಚಣಿಯ ಪಾಸ್‌ಬುಕ್ ಜೊತೆಗಿರಲಿ. ಆ ಹಳೆಯ ಜೆರಾಕ್ಸನ್ನೂ ತನ್ನಿ, ಮೂರನೆಯ ಹಾಳೆ ಇಲ್ಲದ ಪ್ರತಿಯನ್ನು ಅವರಿಗೆ ಕೊಟ್ಟವರು ಯಾರೆಂಬುದೂ ಅರ್ಜಿಯಲ್ಲಿ ಬರಬೇಕು.