ಕೆನಡಿ ಹತ್ಯೆ: ಆರು ದಶಕ ಕಳೆದರೂ ಅನುಮಾನ ತೀರದಿರುವುದೇಕೆ?

ಪ್ರಶ್ನೆ

1963ರ ನವೆಂಬರ್ 22ರಂದು ಡಲ್ಲಾಸ್‌ನಲ್ಲಿ ಅಮೆರಿಕದ ಅಧ್ಯಕ್ಷ ಜಾನ್ ಎಫ್. ಕೆನಡಿ ಅವರನ್ನು ಕೊಂದವನು ಲೀ ಹಾರ್ವೆ ಆಸ್ವಾಲ್ಡ್ ಒಬ್ಬನೇ ಎಂದು ಹತ್ಯೆಯ ತನಿಖೆಗೆಂದು ಸರ್ಕಾರ ನೇಮಿಸಿದ್ದ ವಾರೆನ್ ಆಯೋಗವು ಮರುವರ್ಷವೇ 888 ಪುಟಗಳ ವರದಿಯಲ್ಲಿ ತೀರ್ಮಾನಿಸಿತು. ಆದರೂ 2023ರ ಗ್ಯಾಲಪ್ ಸಮೀಕ್ಷೆಯಲ್ಲಿ ಶೇ. 65ರಷ್ಟು ಅಮೆರಿಕನ್ನರು ಇದರ ಹಿಂದೆ ಪಿತೂರಿ ಇತ್ತೆಂದೇ ಹೇಳಿದ್ದಾರೆ. ಒಂದೇ ಗುಂಡು ಕೆನಡಿಯವರ ಕುತ್ತಿಗೆಯನ್ನು ತೂರಿಹೋಗಿ, ಮುಂದೆ ಕುಳಿತಿದ್ದ ಟೆಕ್ಸಸ್ ರಾಜ್ಯದ ಗವರ್ನರ್ ಕಾನಲಿ ಅವರ ಎದೆ, ಮಣಿಕಟ್ಟು, ತೊಡೆಗಳನ್ನೂ ಗಾಯಗೊಳಿಸಿತೆಂಬ ಮಾತು ನನಗೂ ಒಪ್ಪಿಗೆಯಾಗುತ್ತಿಲ್ಲ. ಈ ಸಂಶಯಗಳಿಗೆ ಬುಡವಿದೆಯೇ?

ಉತ್ತರ 1

ಗುಂಡಿನ ವಿಷಯದಲ್ಲಿ ತಪ್ಪಿರುವುದು ಜನ ನೋಡುವ ಚಿತ್ರದಲ್ಲಿ. ಕಾನಲಿಯವರು ಕೆನಡಿಯವರ ನೇರ ಮುಂದೆ, ಅದೇ ಎತ್ತರದಲ್ಲಿ ಕುಳಿತಂತೆ ಬರೆದರೆ ಗುಂಡು ಗಾಳಿಯಲ್ಲಿ ತಿರುಗಲೇಬೇಕಾಗುತ್ತದೆ. ವಾಸ್ತವವಾಗಿ ಅವರು ಕುಳಿತಿದ್ದ ಮಡಚುವ ಆಸನವು ಹಿಂದಿನ ಆಸನಕ್ಕಿಂತ ತಗ್ಗಾಗಿಯೂ ಕಾರಿನ ಒಳಮಗ್ಗುಲಿಗೆ ಸರಿದೂ ಇತ್ತು. ಅದನ್ನು ಗಮನದಲ್ಲಿಟ್ಟು ಗೆರೆ ಎಳೆದರೆ ಆ ದಾರಿ ಹೆಚ್ಚುಕಡಿಮೆ ನೇರವಾಗಿಯೇ ಬರುತ್ತದೆ. ಹತ್ಯೆಯಾದ ಎರಡೇ ದಿನಗಳಲ್ಲಿ, ಪೊಲೀಸ್ ಕೇಂದ್ರದ ನೆಲಮಾಳಿಗೆಯಲ್ಲಿ, ಟಿವಿಯಲ್ಲಿ ನೇರಪ್ರಸಾರ ನಡೆಯುತ್ತಿರುವಾಗಲೇ ನೈಟ್‌ಕ್ಲಬ್ ಮಾಲೀಕ ಜ್ಯಾಕ್ ರೂಬಿ ಆಸ್ವಾಲ್ಡ್‌ನನ್ನು ಗುಂಡಿಕ್ಕಿ ಕೊಂದದ್ದರಿಂದ ನ್ಯಾಯಾಲಯದಲ್ಲಿ ಪಾಟಿಸವಾಲಿಗೆ ಒಳಗಾಗಬೇಕಿದ್ದ ಇಂಥ ಸಾಕ್ಷ್ಯಗಳೆಲ್ಲ ಬೀದಿ ಚರ್ಚೆಯ ಪಾಲಾದವು.

ಉತ್ತರ 2

ಮೇಲಿನ ಮಾತು ಸರಿಯಿದ್ದರೂ, ತಪ್ಪನ್ನೆಲ್ಲ ಜನರ ಮೇಲೆಯೇ ಹೊರಿಸುವುದು ಸರಿಯಲ್ಲ. ಕ್ಯೂಬಾದ ಫಿಡೆಲ್ ಕ್ಯಾಸ್ಟ್ರೊ ಅವರನ್ನು ಕೊಲ್ಲಲು ಸಿಐಎ ಮಾಫಿಯಾದವರ ಜೊತೆ ಸೇರಿ ಸಂಚು ನಡೆಸಿದ್ದನ್ನು ವಾರೆನ್ ಆಯೋಗಕ್ಕೆ ತಿಳಿಸಲೇ ಇಲ್ಲ. ಸಿಐಎಯ ಮಾಜಿ ಮುಖ್ಯಸ್ಥ ಆಲೆನ್ ಡಲೆಸ್ ಅದೇ ಆಯೋಗದ ಸದಸ್ಯರಾಗಿದ್ದರು ಎಂಬುದನ್ನು ಇಲ್ಲಿ ನೆನೆಯಬೇಕು. ಹತ್ಯೆಗೆ ಕೆಲವು ವಾರಗಳ ಮೊದಲು ಆಸ್ವಾಲ್ಡ್ ಎಫ್‌ಬಿಐನ ಡಲ್ಲಾಸ್ ಕಚೇರಿಗೆ ಕೊಟ್ಟುಹೋಗಿದ್ದ ಚೀಟಿಯನ್ನು, ಅವನು ಸತ್ತ ಮೇಲೆ ಅಧಿಕಾರಿಯೊಬ್ಬರು ಹರಿದು ಶೌಚಾಲಯದಲ್ಲಿ ಹಾಕಿ ನೀರು ಬಿಟ್ಟಿದ್ದರು. ಇವೆರಡೂ ಜನರಿಗೆ ಖಚಿತವಾಗಿ ತಿಳಿದದ್ದು 1975ರಲ್ಲಿ. ಬಚ್ಚಿಟ್ಟದ್ದು ಕೊಲೆಗಾರನನ್ನಲ್ಲ, ತಮ್ಮ ಮುಜುಗರವನ್ನು ಎಂದೇ ನನ್ನ ಅಭಿಪ್ರಾಯ. ಆದರೆ ಹೊರಗೆ ನಿಂತವರಿಗೆ ಆ ವ್ಯತ್ಯಾಸ ಕಾಣುವುದಾದರೂ ಹೇಗೆ?

ಉತ್ತರ 3

ಇನ್ನೊಂದು ಸಂಗತಿಯನ್ನು ಸೇರಿಸುತ್ತೇನೆ. 1979ರಲ್ಲಿ ಸಂಸತ್ತಿನ ಕೆಳಮನೆಯ ಸಮಿತಿಯೇ, ಪೊಲೀಸ್ ರೇಡಿಯೊದ ಧ್ವನಿಮುದ್ರಣವನ್ನು ನಂಬಿ, ನಾಲ್ಕನೆಯ ಗುಂಡು ಹಾರಿರಬೇಕು, ಪಿತೂರಿ ಇದ್ದಿರಬಹುದು ಎಂದಿತು. ಆ ಸದ್ದುಗಳು ಹತ್ಯೆಯಾಗಿ ಸುಮಾರು ಒಂದು ನಿಮಿಷದ ನಂತರದವು ಎಂದು 1982ರಲ್ಲಿ ವಿಜ್ಞಾನಿಗಳ ಸಮಿತಿ ತೋರಿಸಿತಾದರೂ ಮೊದಲ ಸುದ್ದಿ ಮುಟ್ಟಿದಷ್ಟು ದೂರ ಎರಡನೆಯದು ಮುಟ್ಟಲಿಲ್ಲ. 1992ರ ಕಾನೂನಿನಿಂದ ಸುಮಾರು 50 ಲಕ್ಷ ಪುಟಗಳ ದಾಖಲೆಗಳು ಒಂದೆಡೆ ಸೇರಿದ್ದು ಈ ಅನುಮಾನಗಳಿಂದ ಆದ ಒಳಿತು. ಕೆಡುಕಿಗೆ ಕ್ಲೇ ಶಾ ಅವರನ್ನು ನೋಡಿ: ನ್ಯೂ ಆರ್ಲಿಯನ್ಸ್‌ನ ಈ ವ್ಯಾಪಾರಿಯ ಮೇಲೆ ಪಿತೂರಿಯ ಮೊಕದ್ದಮೆ ಹೂಡಲಾಗಿ, 1969ರಲ್ಲಿ ಜ್ಯೂರಿ ಒಂದು ಗಂಟೆಯೊಳಗೆ ಅವರನ್ನು ನಿರ್ದೋಷಿ ಎಂದಿತು. ಬಂಧನದಿಂದ ಆ ತೀರ್ಪಿನವರೆಗೆ ಎರಡು ವರ್ಷ ಹಿಡಿದಿತ್ತು.

ಪ್ರಶ್ನೆ ಕೇಳಿದವರು

ಆಸನದ ವಿಷಯ ನನಗೆ ತಿಳಿದಿರಲಿಲ್ಲ. ಗುಂಡಿನ ತಕರಾರನ್ನು ಹಿಂತೆಗೆದುಕೊಳ್ಳುತ್ತೇನೆ. ಆದರೆ ಹತ್ಯೆಗೆ ಎರಡು ತಿಂಗಳೂ ಇಲ್ಲದಿರುವಾಗ ಆಸ್ವಾಲ್ಡ್ ಮೆಕ್ಸಿಕೊ ನಗರದಲ್ಲಿ ಕ್ಯೂಬಾ ಮತ್ತು ಸೋವಿಯತ್ ಕಚೇರಿಗಳಿಗೆ ವೀಸಾ ಕೇಳಿಕೊಂಡು ಹೋಗಿದ್ದನಲ್ಲ, ಅದರ ಬಗ್ಗೆ ಬಲ್ಲವರು ಯಾರಾದರೂ ಬರೆಯುವಿರಾ?