ಇಪ್ಪತ್ತು ವರ್ಷದ ಆಕ್ಟೇವಿಯಾ ಆರ್‌ಎಸ್: ಘಾಟಿಯಲ್ಲಿ ಪಿಕಪ್ ಬಿದ್ದರೆ ಟರ್ಬೊ ಕೆಟ್ಟಿದೆ ಎಂದೇ ಅರ್ಥವೇ?

ಪ್ರಶ್ನೆ: ನಮಸ್ಕಾರ ಸರ್. ನನ್ನಲ್ಲಿರುವುದು 2005ರ ಸ್ಕೋಡಾ ಆಕ್ಟೇವಿಯಾ ಆರ್‌ಎಸ್, 1.8 ಟರ್ಬೊ ಪೆಟ್ರೋಲ್. ಎರಡು ವರ್ಷಗಳ ಹಿಂದೆ ಕೊಂಡೆ. ಒಟ್ಟು ಓಡಿರುವುದು 92,000 ಕಿ.ಮೀ. ಮಾತ್ರ. ಕಳೆದ ವಾರ ಮಂಗಳೂರಿನಿಂದ ಹಾಸನಕ್ಕೆ ಬರುವಾಗ, ಶಿರಾಡಿ ಘಾಟಿಯ ಏರಿನಲ್ಲಿ ಮೂರನೆಯ ಗೇರ್‌ನಲ್ಲಿದ್ದಂತೆಯೇ ಪಿಕಪ್ ಬಿದ್ದುಹೋಯಿತು. ಆಕ್ಸಿಲರೇಟರ್ ಒತ್ತಿದರೆ ಬಾನೆಟ್ ಒಳಗಿನಿಂದ ಗಾಳಿ ಸೋರುವ ಸುಯ್ ಎಂಬ ಸದ್ದು ಬರುತ್ತಿತ್ತು; ಇಂಜಿನ್ ದೀಪವೂ ಹೊತ್ತಿಕೊಂಡಿತು. ಗ್ಯಾರೇಜಿನವರು ಸ್ಕ್ಯಾನರ್ ಹಾಕಿ ನೋಡಿ, 17705 ಎಂಬ ಕೋಡ್ ಬಂದಿದೆ, ಟರ್ಬೊ ಬದಲಾಯಿಸಬೇಕು ಎಂದರು. ಇಷ್ಟು ಕಡಿಮೆ ಓಡಿರುವ ಗಾಡಿಯಲ್ಲಿ ಟರ್ಬೊ ಹೋಗುವುದುಂಟೇ? ಇನ್ನೊಂದು ವಿಷಯ, ಟೈಮಿಂಗ್ ಬೆಲ್ಟ್ ಬದಲಾಯಿಸಿದ್ದಕ್ಕೆ ಹಳೆಯ ಬಿಲ್ ಯಾವುದೂ ಸಿಕ್ಕಿಲ್ಲ.

ಉತ್ತರ: ಸರ್, ಟರ್ಬೊಗೆ ಸದ್ಯಕ್ಕೆ ಹಣ ಕೊಡಬೇಡಿ. 17705 ಕೋಡ್ ಹೇಳುವುದು ಟರ್ಬೊ ಕೆಟ್ಟಿದೆ ಎಂದಲ್ಲ. ಇಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಟರ್ಬೊದಿಂದ ಹೊರಟ ಗಾಳಿಯ ಒತ್ತಡ, ಇಂಜಿನ್ನಿಗೆ ಗಾಳಿ ಬಿಡುವ ಬಾಗಿಲಾದ ಥ್ರಾಟಲ್ ತಲುಪುವ ಮೊದಲೇ ಇಳಿದುಹೋಗುತ್ತಿದೆ ಎಂದು. ನೀವು ಕೇಳಿದ ಸುಯ್ ಸದ್ದೂ ಅದನ್ನೇ ಹೇಳುತ್ತಿದೆ. ಈ ದಾರಿಯಲ್ಲಿ ಆ ಗಾಳಿಯನ್ನು ತಣಿಸುವ ಇಂಟರ್‌ಕೂಲರ್‌ಗೆ ಹೋಗುವ ಮತ್ತು ಅಲ್ಲಿಂದ ಬರುವ ರಬ್ಬರ್ ಹೋಸ್‌ಗಳು, ಅವುಗಳ ಕ್ಲ್ಯಾಂಪ್‌ಗಳು ಹಾಗೂ ಆಕ್ಸಿಲರೇಟರ್ ಬಿಟ್ಟಾಗ ಒತ್ತಡದ ಗಾಳಿಯನ್ನು ಹಿಂದಕ್ಕೆ ತಿರುಗಿಸುವ ಡೈವರ್ಟರ್ ವಾಲ್ವ್ ಇವೆ. ಇಪ್ಪತ್ತು ವರ್ಷ ಇಂಜಿನ್ನಿನ ಬಿಸಿಯಲ್ಲಿ ಬೆಂದ ರಬ್ಬರಿಗೆ ಮೀಟರಿನಲ್ಲಿ ಎಷ್ಟು ಕಿಲೋಮೀಟರ್ ಆಗಿದೆ ಎಂಬುದರ ಲೆಕ್ಕವಿಲ್ಲ. ನಿಂತಲ್ಲೇ ನಿಂತ ಗಾಡಿಯಲ್ಲೂ ಅದು ಒಣಗಿ ಬಿರಿಯುತ್ತದೆ.

ಇಂಜಿನ್ ತಣ್ಣಗಿದ್ದಾಗ ಪ್ರತಿಯೊಂದು ಹೋಸ್‌ನ ಕೆಳಭಾಗವನ್ನು, ಕಣ್ಣಿಗೆ ಕಾಣದ ಆ ಮಗ್ಗುಲನ್ನು, ಬೆರಳಿನಿಂದ ಸವರಿ ನೋಡಿ. ಈ ಹೋಸ್‌ಗಳ ಒಳಗೆ ತೆಳುವಾದ ಆಯಿಲ್ ಪಸೆ ಇರುವುದು ಸಹಜ. ಆದ್ದರಿಂದ ಬಿರುಕು ಬಿಟ್ಟ ಜಾಗದಲ್ಲಿ ಹೊರಗಡೆಯೂ ಜಿಡ್ಡಾಗಿ, ಅದರ ಮೇಲೆ ಧೂಳು ಮೆತ್ತಿಕೊಂಡು ಕಪ್ಪು ಕಲೆ ಕಟ್ಟಿರುತ್ತದೆ. ಡೈವರ್ಟರ್ ವಾಲ್ವನ್ನು ಬಿಚ್ಚಿ ಕೈಯಲ್ಲೇ ಪರೀಕ್ಷಿಸಬಹುದು. ಒಳಗಿನ ರಬ್ಬರ್ ಪೊರೆಯಾದ ಡಯಾಫ್ರಾಮನ್ನು ಒಂದು ಬೆರಳಿನಿಂದ ಒಳಕ್ಕೆ ತಳ್ಳಿ, ಮೇಲಿನ ಸಣ್ಣ ನಳಿಗೆಯ ಬಾಯಿಯನ್ನು ಇನ್ನೊಂದು ಬೆರಳಿನಿಂದ ಮುಚ್ಚಿ, ತಳ್ಳಿದ ಬೆರಳನ್ನು ತೆಗೆಯಿರಿ. ಡಯಾಫ್ರಾಮ್ ಹಾಗೆಯೇ ಒಳಗೆ ನಿಂತರೆ ವಾಲ್ವ್ ಚೆನ್ನಾಗಿದೆ. ಮೆಲ್ಲಗೆ ಹೊರಕ್ಕೆ ಬಂದರೆ ರಬ್ಬರ್ ಹರಿದಿದೆ. ಇವೆರಡೂ ಸರಿಯಿದ್ದು, ಟರ್ಬೊದ ಚಕ್ರ ಕೈಯಲ್ಲಿ ಅಲುಗಿಸಿದಾಗ ಕವಚಕ್ಕೆ ತಗುಲುತ್ತಿದ್ದರೆ ಅಥವಾ ಸೈಲೆನ್ಸರಿನಲ್ಲಿ ನೀಲಿ ಹೊಗೆ ಬರುತ್ತಿದ್ದರೆ ಮಾತ್ರ ಟರ್ಬೊ ಬಗ್ಗೆ ಮಾತನಾಡೋಣ.

ಆದರೆ ನಿಮ್ಮ ಪತ್ರದಲ್ಲಿ ನನಗೆ ನಿಜಕ್ಕೂ ಆತಂಕ ಹುಟ್ಟಿಸಿದ್ದು ಕೊನೆಯ ಸಾಲು. ಈ ಇಂಜಿನ್ನಿನಲ್ಲಿ ಸಿಲಿಂಡರಿಗೆ ಐದರಂತೆ ಒಟ್ಟು ಇಪ್ಪತ್ತು ವಾಲ್ವ್‌ಗಳಿವೆ, ಮತ್ತು ಅವನ್ನು ಪಿಸ್ಟನ್‌ಗಳ ಲಯಕ್ಕೆ ತಕ್ಕಂತೆ ತೆರೆದು ಮುಚ್ಚಿಸುವ ಟೈಮಿಂಗ್ ಬೆಲ್ಟ್ ಓಡುವಾಗ ಹರಿದರೆ ಪಿಸ್ಟನ್‌ಗಳು ತೆರೆದ ವಾಲ್ವ್‌ಗಳಿಗೆ ಬಡಿದು ಅವನ್ನು ಬಗ್ಗಿಸಿಬಿಡುತ್ತವೆ. ಬಿಲ್ ಇಲ್ಲವೆಂದರೆ ಬೆಲ್ಟ್ ಬದಲಾಗಿಲ್ಲವೆಂದೇ ತಿಳಿದು, ಅದನ್ನು ಹಾಕಿಸುವವರೆಗೆ ಗಾಡಿಯನ್ನು ದೂರ ಒಯ್ಯಬೇಡಿ. ಬೆಲ್ಟಿನ ಜೊತೆಗೇ ಟೆನ್ಷನರ್, ರೋಲರ್ ಮತ್ತು ವಾಟರ್ ಪಂಪನ್ನೂ ಬದಲಾಯಿಸಬೇಕು, ಏಕೆಂದರೆ ಪಂಪನ್ನು ತಿರುಗಿಸುವುದೂ ಅದೇ ಬೆಲ್ಟು. ಹಳೆಯ ಪಂಪುಗಳ ಒಳಚಕ್ರ ಪ್ಲಾಸ್ಟಿಕ್ಕಿನದು. ಅದು ಬಿರಿದು ಶಾಫ್ಟಿನ ಮೇಲೆ ಜಾರತೊಡಗಿದರೆ ಹೊರಗೆ ಒಂದು ಹನಿ ನೀರೂ ಸೋರದೆ ಇಂಜಿನ್ ಕಾಯುತ್ತದೆ. ಲೋಹದ ಚಕ್ರವಿರುವ ಪಂಪನ್ನೇ ಕೇಳಿ ಹಾಕಿಸಿ. ಇಂಥ ಗಾಡಿಗಳಿಗೆ 60,000 ಕಿ.ಮೀ. ಅಥವಾ ಐದು ವರ್ಷ, ಯಾವುದು ಮೊದಲೋ ಆಗ ಬೆಲ್ಟ್ ಬದಲಾಯಿಸುವುದು ನನ್ನ ಪದ್ಧತಿ.

ಅದೇ ಸದಸ್ಯರ ಮರುಪ್ರಶ್ನೆ: ತುಂಬಾ ಉಪಕಾರವಾಯಿತು ಸರ್. ಇಂಟರ್‌ಕೂಲರ್‌ನ ಕೆಳಗಿನ ಹೋಸ್ ಕ್ಲ್ಯಾಂಪಿನ ಪಕ್ಕದಲ್ಲೇ ಅರ್ಧ ಬೆರಳುದ್ದ ಸೀಳಿತ್ತು; ಡೈವರ್ಟರ್ ವಾಲ್ವೂ ಹರಿದಿತ್ತು. ಎರಡನ್ನೂ, ಜೊತೆಗೆ ಬೆಲ್ಟ್ ಮತ್ತು ಪಂಪನ್ನೂ ಬದಲಾಯಿಸಿದ ಮೇಲೆ ಪಿಕಪ್ ಮೊದಲಿನಂತಾಗಿದೆ. ಆದರೆ ನಿನ್ನೆ ಹೈವೇಯಲ್ಲಿ ದೂರ ಓಡಿಸಿ ಬಂದು ಸಿಗ್ನಲ್‌ನಲ್ಲಿ ನಿಂತಾಗ ಕೆಂಪು ಆಯಿಲ್ ದೀಪ ಒಂದೆರಡು ಕ್ಷಣ ಮಿನುಗಿ, ಬೀಪ್ ಸದ್ದು ಬಂತು. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಮಟ್ಟ ಸರಿಯಾಗಿದೆ. ಸೆನ್ಸರ್ ಬದಲಾಯಿಸಿದರೆ ಸಾಕೇ?

ಉತ್ತರ: ದಯವಿಟ್ಟು ಗಾಡಿಯನ್ನು ಇನ್ನು ಸ್ಟಾರ್ಟ್ ಮಾಡಬೇಡಿ, ಸರ್, ಗ್ಯಾರೇಜಿಗೆ ಎಳೆಸಿಕೊಂಡೇ ಹೋಗಿ. ಸೆನ್ಸರ್ ಕೆಟ್ಟಿರಲೂಬಹುದು. ಆದರೆ ಅದನ್ನು ಬಿಚ್ಚಿ, ಆ ಜಾಗದಲ್ಲಿ ಒತ್ತಡ ಅಳೆಯುವ ಗೇಜ್ ಹಾಕಿ, ಇಂಜಿನ್ ಬಿಸಿಯಾದಾಗ ಎಷ್ಟು ಒತ್ತಡವಿದೆ ಎಂದು ನೋಡದೆ ಹಾಗೆಂದು ತೀರ್ಮಾನಿಸುವುದು ಅಪಾಯ. ಈ 1.8 ಟರ್ಬೊ ಇಂಜಿನ್ನಿನ ಬಹು ದೊಡ್ಡ ಶತ್ರು ಆಯಿಲ್ ಕೆಸರು. ಟರ್ಬೊದ ಬಿಸಿಗೆ ಆಯಿಲ್ ಸುಟ್ಟು, ಕಾಫಿ ಸೋಸಿದ ಮೇಲೆ ಉಳಿಯುವ ಚರಟದಂಥ ಕಪ್ಪು ಹರಳುಗಳಾಗಿ, ಇಂಜಿನ್ನಿನ ಕೆಳಗೆ ಆಯಿಲ್ ನಿಲ್ಲುವ ಚೇಂಬರ್ ತಳದಲ್ಲಿ ಕೂರುತ್ತವೆ, ಪಂಪ್ ಆಯಿಲ್ ಹೀರಿಕೊಳ್ಳುವ ಜಾಲರಿಯನ್ನು ಕಟ್ಟಿಹಾಕುತ್ತವೆ. ಚೇಂಬರ್ ತುಂಬಾ ಆಯಿಲ್ ಇದ್ದರೂ ಅದು ಮೇಲಕ್ಕೆ ಏರುವುದಿಲ್ಲ. ಮಟ್ಟ ಸರಿಯಿದ್ದೂ ದೀಪ ಮಿನುಗುವುದಕ್ಕೆ ನಾನು ಹೆಚ್ಚಾಗಿ ಕಂಡ ಕಾರಣ ಇದೇ.

ಚೇಂಬರ್ ಇಳಿಸಿ, ಜಾಲರಿಯ ಪೈಪನ್ನು ಹೊಸದಾಗಿ ಹಾಕಿಸಿ, ಟರ್ಬೊಗೆ ಆಯಿಲ್ ಒಯ್ಯುವ ಸಣ್ಣ ಪೈಪಿನ ಒಳಗೂ ಕಿಟ್ಟ ಕಟ್ಟಿದೆಯೇ ನೋಡಿಸಿ. ಕೆಸರು ಕರಗಿಸುವ ಫ್ಲಶ್ ದ್ರವ ಹಾಕಿ ತೊಳೆಯೋಣ ಎಂದು ಯಾರಾದರೂ ಹೇಳಿದರೆ ಚೇಂಬರ್ ಇಳಿಸುವ ಮೊದಲು ಖಂಡಿತ ಬೇಡ. ಸಡಿಲಗೊಂಡ ಕೆಸರೆಲ್ಲ ಒಟ್ಟಿಗೆ ಬಂದು ಜಾಲರಿಗೇ ಕೂರುತ್ತದೆ. ಮುಂದಕ್ಕೆ ಫೋಕ್ಸ್‌ವ್ಯಾಗನ್ 502 00 ಮಾನ್ಯತೆಯಿರುವ 5ಡಬ್ಲ್ಯು-40 ಸಿಂಥೆಟಿಕ್ ಆಯಿಲನ್ನೇ ಬಳಸಿ, 7,500 ಕಿ.ಮೀ.ಗೆ ಅಥವಾ ವರ್ಷಕ್ಕೊಮ್ಮೆ ಬದಲಾಯಿಸಿ. ಘಾಟಿ ಹತ್ತಿ ಬಂದ ಕೂಡಲೇ ಇಂಜಿನ್ ಆಫ್ ಮಾಡದೆ ಒಂದು ನಿಮಿಷ ಐಡಲ್‌ನಲ್ಲಿ ಬಿಟ್ಟರೆ ಟರ್ಬೊ ಒಳಗಿನ ಆಯಿಲ್ ನಿಂತಲ್ಲೇ ಸುಡುವುದು ತಪ್ಪುತ್ತದೆ.

ಇನ್ನೊಬ್ಬ ಸದಸ್ಯೆಯ ಪ್ರಶ್ನೆ: ಸರ್, ನಮ್ಮ ಮನೆಯಲ್ಲೂ ಇದೇ ಗಾಡಿ ಇದೆ, ಮಡಿಕೇರಿಯಲ್ಲಿ. ಮಳೆಗಾಲದ ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಮಿಸ್ಸಿಂಗ್ ಹೊಡೆಯುತ್ತದೆ, ಇಂಜಿನ್ ದೀಪ ಮಿನುಗುತ್ತದೆ. ಕೂಲೆಂಟ್ ಕಡಿಮೆಯಾಗಿದ್ದಾಗ ಯಾವ ಬಣ್ಣದ್ದನ್ನಾದರೂ ಸೇರಿಸಬಹುದೇ?

ಉತ್ತರ: ಮೇಡಂ, ದೀಪ ಸುಮ್ಮನೆ ಉರಿಯುವುದಕ್ಕೂ ಮಿನುಗುವುದಕ್ಕೂ ವ್ಯತ್ಯಾಸವಿದೆ. ಮಿನುಗುತ್ತಿದ್ದರೆ ಉರಿಯದ ಪೆಟ್ರೋಲ್ ಸೈಲೆನ್ಸರ್ ದಾರಿಗೆ ಹೋಗಿ, ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರನ್ನು ಸುಡುತ್ತಿದೆ ಎಂದು ತಿಳಿದು, ಆಗಲೇ ನಿಲ್ಲಿಸಬೇಕು. ಈ ಇಂಜಿನ್ನಿನಲ್ಲಿ ಪ್ರತಿ ಸ್ಪಾರ್ಕ್ ಪ್ಲಗ್ಗಿನ ಮೇಲೂ ಕಿಡಿಗೆ ವಿದ್ಯುತ್ ಕೊಡುವ ಒಂದೊಂದು ಕಾಯಿಲ್ ಇದೆ, ಅವು ಕೆಡುವುದು ಬಹಳ ಸಾಮಾನ್ಯ. ಸ್ಕ್ಯಾನರಿನಲ್ಲಿ ಎರಡನೆಯ ಸಿಲಿಂಡರ್ ಎಂದು ಬಂದರೆ, ಅದರ ಕಾಯಿಲನ್ನು ಮೂರನೆಯದರ ಜೊತೆ ಅದಲುಬದಲು ಮಾಡಿ, ಕೋಡ್ ಅಳಿಸಿ ಮತ್ತೆ ನೋಡಿಸಿ. ದೋಷ ಮೂರಕ್ಕೆ ಹೋದರೆ ಕಾಯಿಲೇ ಕಾರಣ. ಎರಡರಲ್ಲೇ ಉಳಿದರೆ ಪ್ಲಗ್, ವೈರಿಂಗ್, ಇಂಜೆಕ್ಟರ್ ಕಡೆ ಹೋಗಬೇಕು.

ಕೂಲೆಂಟ್ ವಿಷಯದಲ್ಲಿ, ಕೆಂಪು ಅಥವಾ ಗುಲಾಬಿ ಬಣ್ಣದ ಜಿ12 ದರ್ಜೆಯದನ್ನು ಬಿಟ್ಟು ಬೇರೆ ಸೇರಿಸಬೇಡಿ. ಹಸಿರು ಕೂಲೆಂಟ್ ಬೆರೆತರೆ ಕಂದು ಬಣ್ಣದ ಲೋಳೆಯಾಗಿ ಹೀಟರ್ ಮತ್ತು ರೇಡಿಯೇಟರಿನ ಸಣ್ಣ ದಾರಿಗಳನ್ನು ಮುಚ್ಚುತ್ತದೆ. ಅದಕ್ಕೂ ಮೊದಲು ಅದು ಯಾಕೆ ಕಡಿಮೆಯಾಗುತ್ತಿದೆ ಎಂದು ನೋಡಬೇಕು: ಸಿಲಿಂಡರ್ ಹೆಡ್ಡಿನ ಪಕ್ಕದಲ್ಲಿ ಟೆಂಪರೇಚರ್ ಸೆನ್ಸರ್ ಕೂರುವ ಪ್ಲಾಸ್ಟಿಕ್ ತುಂಡು ಇಷ್ಟು ವರ್ಷಕ್ಕೆ ಬಿರುಕು ಬಿಟ್ಟು, ಸ್ವಲ್ಪಸ್ವಲ್ಪವೇ ಗೇರ್‌ಬಾಕ್ಸಿನ ಮೇಲೆ ಸೋರುತ್ತಿರುತ್ತದೆ. ಅದನ್ನು ಬಿಚ್ಚಿದ ದಿನವೇ ಪೆಟ್ರೋಲ್ ಹೋಸ್‌ಗಳನ್ನೂ ಮಡಿಸಿ ನೋಡಿಸಿ. ಈಗ ಬಂಕುಗಳಲ್ಲಿ ಸಿಗುವ, ಶೇ 20ರಷ್ಟು ಎಥನಾಲ್ ಬೆರೆತ ಇ20 ಪೆಟ್ರೋಲನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ರಬ್ಬರ್ ಅಲ್ಲ ಅದು. ಮಡಿಸಿದಾಗ ಸಣ್ಣ ಗೆರೆಗಳು ಕಂಡರೂ, ಪೆಟ್ರೋಲ್ ವಾಸನೆ ಬರುವವರೆಗೆ ಕಾಯದೆ ಬದಲಾಯಿಸಿಬಿಡಿ.